ಬುರ್ಸಾದಲ್ಲೊಂದು ಹತ್ತಿಕಾಳಿನ ಚೀಲ

ಕೊಂಡಜ್ಜಿ, ಹೊರಡುವ ಮೊದಲು

ಬಿಲ್ಲು ಹಿಡಿಯುವವರಿಗೆ ಬರುವ ಒಂದು ಕಾಯಿಲೆಯಿದೆ. ಜ್ವರವಿಲ್ಲ, ನೋವಿಲ್ಲ, ಡಾಕ್ಟರಿಗೆ ಹೇಳಿದರೆ ನಕ್ಕು ಕಳಿಸುತ್ತಾರೆ. ಹೆದೆ ಎಳೆದು ಗುರಿ ನೋಡುತ್ತೀರಿ. ನಡುವಿನ ಹಳದಿ ಬೊಟ್ಟಿನ ಹತ್ತಿರ ಕಣ್ಣು ಬರುತ್ತಿದ್ದಂತೆ ಬೆರಳುಗಳು ನಿಮ್ಮನ್ನು ಒಂದು ಮಾತೂ ಕೇಳದೆ ಬಿಚ್ಚಿಕೊಳ್ಳುತ್ತವೆ. ಬಾಣ ಹೋಯಿತು. ತಡೆದು ನಿಲ್ಲಬೇಕೆಂದು ಎಷ್ಟು ಹಟ ಮಾಡಿದರೆ ಅಷ್ಟು ಬೇಗ ಹೋಗುತ್ತದೆ. ನನಗಿದು ಅಂಟಿ ಆರು ವರ್ಷವಾಗಿತ್ತು. ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮಕ್ಕಳಿಗೆ 'ನೆಟ್ಟಗೆ ನಿಲ್ರೋ' ಎಂದು ಗದರಿಸಿಯೇ ಹೊಟ್ಟೆ ಹೊರೆಯುವವಳು. ನನ್ನ ಬೆರಳು ನನ್ನ ಮಾತೇ ಕೇಳುವುದಿಲ್ಲ ಎಂದು ಯಾರ ಮುಂದೆ ಹೇಳಿಕೊಳ್ಳಲಿ?

ಹೇಳಿಕೊಳ್ಳದೆ ಇದ್ದದ್ದೇ ತಪ್ಪಾಯಿತು. ಭಾನುವಾರಗಳಂದು ನಾನು ಕೊಂಡಜ್ಜಿ ಕೆರೆಯ ಹತ್ತಿರ, ಸ್ಕೌಟ್ ಮೈದಾನದಿಂದ ತುಸು ಆಚೆ, ಇಪ್ಪತ್ತೆರಡು ಮಕ್ಕಳಿಗೆ ಬಿಲ್ಲುವಿದ್ಯೆ ಕಲಿಸುತ್ತೇನೆ. ಜಾಗ ಶಿವಯೋಗಪ್ಪನವರದು. ಹೊಲದಂಚಿನಲ್ಲಿ ಖಾಲಿ ಬಿದ್ದಿದ್ದ ತುಂಡನ್ನು 'ಹುಡುಗ್ರು ಆಡ್ಲಿ ಬಿಡ್ರಿ ಮೇಡಂ' ಎಂದು ಬಿಟ್ಟುಕೊಟ್ಟವರು ಅವರು. ಆ ಮಕ್ಕಳಲ್ಲಿ ಭಾನುವಳ್ಳಿಯಿಂದ ಎರಡು ಬಸ್ಸು ಹತ್ತಿ ಬರುವ ಕಾವ್ಯಳದು ಬಂಗಾರದಂಥ ಕೈ. ಹೋದ ಚಳಿಗಾಲದಲ್ಲಿ ಆ ಕೈಯೂ ಕೆಟ್ಟಿತು. ಒಂದು ದಿನ ಆರು ಬಾಣದಲ್ಲಿ ಐದು, ಅವಳ ಕಣ್ಣು ಗುರಿ ಮುಟ್ಟುವ ಮೊದಲೇ ಕೈಯಿಂದ ಜಾರಿ ಹೋದವು. ಹುಡುಗಿ ಅಳಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, "ಮಿಸ್, ನಿಮ್ಗೆ ಆಗ್ತೈತಲ್ಲ, ನನ್ಗೂ ಹಂಗೇ ಆಗಾಕ ಹತ್ತೈತೆ" ಎಂದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಆಮೇಲೆ ಉಳಿದವರನ್ನು ಸರಿಯಾಗಿ ನೋಡಿದೆ. ಏಳೆಂಟು ಮಕ್ಕಳ ಕೈ ಆಗಲೇ ಅವಸರಪಡುತ್ತಿತ್ತು. ಶಾಲೆಯಲ್ಲಿ ಕಣ್ಣುಬೇನೆ ಹರಡುವ ಹಾಗೆ ನನ್ನ ಕಾಯಿಲೆ ಹರಡಿತ್ತು. ಆ ರಾತ್ರಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಶಿವಯೋಗಪ್ಪನವರಿಗೆ ಒಂದು ಪತ್ರ ಬರೆದೆ: ಬೇಸಿಗೆ ರಜೆಯಲ್ಲಿ ಇದನ್ನು ವಾಸಿಮಾಡಿಕೊಂಡು ಬರುತ್ತೇನೆ, ಆಗದಿದ್ದರೆ ತರಗತಿಯನ್ನು ಬೇರೆ ಯಾರಿಗಾದರೂ ಒಪ್ಪಿಸಿ, ನನ್ನಿಂದ ಮಕ್ಕಳು ಕೆಡುವುದು ಬೇಡ. ಅವರು ಅದನ್ನು ಬಿಚ್ಚದೆ ಅಂಗಿಯ ಜೇಬಿಗೆ ಹಾಕಿಕೊಂಡರು. "ನೀವು ಬಂದ್ಮ್ಯಾಲೆ ನೀವೇ ಓದಿ ಹೇಳ್ರಿ" ಎಂದರು.

ಹೋಗುವುದೆಲ್ಲಿಗೆ ಎಂಬುದು ಅಷ್ಟರಲ್ಲಿ ನಿಶ್ಚಯವಾಗಿತ್ತು. ಟರ್ಕಿ ದೇಶದ ಬುರ್ಸಾ ಎಂಬ ಊರಿನಲ್ಲಿ ಯೂಸುಫ್ ಎಂಬ ಮುದುಕರೊಬ್ಬರು ಬಿಲ್ಲು ಮಾಡುತ್ತಾರೆ, ಬಿಲ್ಲು ಕಲಿಸುತ್ತಾರೆ. ಅವರ ಮಗಳು ಜೈನೆಪ್ ಅಪ್ಪನ ಪಾಠಗಳನ್ನು ಮೊಬೈಲಿನಲ್ಲಿ ಹಿಡಿದು ಹಾಕುತ್ತಾಳೆ. ಒಂದರಲ್ಲಿ ಆ ಅಜ್ಜ ಕಣ್ಣು ಮುಚ್ಚಿಕೊಂಡು ಬಾಣ ಬಿಡುತ್ತಿದ್ದರು, ಬಾಣ ಹೋದದ್ದಕ್ಕೆ ತಾವೇ ಬೆಚ್ಚುತ್ತಿದ್ದರು. ಅದನ್ನು ಹತ್ತು ಸಲ ನೋಡಿ ಜೈನೆಪ್‌ಗೆ ಇಂಗ್ಲಿಷಿನಲ್ಲಿ ಬರೆದೆ. ಅವಳೂ ಇಸ್ಕೂಲು ಟೀಚರ್. 'ಬನ್ನಿ, ನಮ್ಮ ಮನೆಯಲ್ಲೇ ಇರಿ' ಎಂದಳು.

ನಮ್ಮೆಜಮಾನರು ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. ದಾವಣಗೆರೆ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಜೊತೆಗಿರುವ ಅವ್ವ, "ಒಬ್ಬಾಕೀನೇ ಯಾಕ ಹೋಗ್ತಿ? ನಾನೂ ಬರ್ತೀನಿ" ಎಂದು ಚಟ್ನಿಪುಡಿ ಕುಟ್ಟಲು ಕೂತಳು. ಅವ್ವನ ಹೆಸರು ಹುಸೇನಬಿ, ವಯಸ್ಸು ಅರವತ್ತೇಳು. ನಾವು ಪಿಂಜಾರರು. ಆಳೆತ್ತರದ ಬಿಲ್ಲನ್ನು ಸೂರಿಗೆ ತೂಗುಹಾಕಿ, ಅದರ ತಂತಿಯನ್ನು ಮರದ ಬಡಿಯಿಂದ ಮಿಡಿದು ಹತ್ತಿ ಹಿಂಜುವುದು, ಗಾದಿ ರಜಾಯಿ ತುಂಬುವುದು ಹಿಂದಿನಿಂದ ಬಂದ ಕಸುಬು. ಅಪ್ಪನ ಎದೆಯಲ್ಲಿ ಹತ್ತಿಯ ಧೂಳು ಕೂತ ಮೇಲೆ ಅವ್ವನೇ ಇಪ್ಪತ್ತು ವರ್ಷ ಬಿಲ್ಲು ಹಿಡಿದು ನಮ್ಮನ್ನು ಸಾಕಿದಳು. ಆ ವಿಷಯ ನಾನು ಯಾರಿಗೂ ಹೇಳುತ್ತಿರಲಿಲ್ಲ.

ಬುರ್ಸಾದ ಬಸ್ಸು

ಇಸ್ತಾಂಬುಲಿನ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಇಳಿದೆವು, ಅವ್ವನ ಚಟ್ನಿಪುಡಿ ಡಬ್ಬಿಯನ್ನು ಒಬ್ಬ ಅಧಿಕಾರಿ ಮೂಸಿ ನೋಡಿ ಮೂರು ಸಲ ಸೀನಿದ, ಬಿಟ್ಟ. ನೇರ ಬಸ್ಸು ಹತ್ತಿದೆವು.

ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಟೈ ಕಟ್ಟಿದ ಸಹಾಯಕನೊಬ್ಬ ಬಾಟಲಿ ಹಿಡಿದು ಬಂದ. ಪ್ರತಿಯೊಬ್ಬರೂ ಅಂಗೈ ಒಡ್ಡುವುದು, ಅವನು ನಾಲ್ಕು ಹನಿ ಸುರಿಯುವುದು. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಎರಡೂ ಕೈ ಸೇರಿಸಿ ಭಕ್ತಿಯಿಂದ ಒಡ್ಡಿದಳು. ದರ್ಗಾದಲ್ಲಿ ಪ್ರಾರ್ಥನೆ ಓದಿ ಊದಿ ಕೊಡುವ ನೀರನ್ನು ಹೀಗೆಯೇ ಹಿಡಿಯುವುದು ನಮ್ಮ ರೂಢಿ. ನಾನು ಬಾಯಿ ತೆರೆಯುವಷ್ಟರಲ್ಲಿ ಬಿಸ್ಮಿಲ್ಲಾ ಎಂದು ಬಾಯಿಗೆ ಹಾಕಿಕೊಂಡೇಬಿಟ್ಟಳು. ಅದು ನಿಂಬೆ ವಾಸನೆಯ ಸೆಂಟು! ಪ್ರಯಾಣಿಕರ ಕೈಗೆ, ಮನೆಗೆ ಬಂದವರ ಕೈಗೆ ಅದನ್ನು ಹಾಕುವುದು ಅಲ್ಲಿಯ ಮರ್ಯಾದೆ. ಅವ್ವ ಕೆಮ್ಮಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ಇಡೀ ಬಸ್ಸು ಎದ್ದು ಅವಳ ಬೆನ್ನು ತಟ್ಟಲು ಬಂತು. ಸಹಾಯಕ ಓಡಿಹೋಗಿ ನೀರು, ಕೇಕು, ಮತ್ತೊಂದು ಕೇಕು ತಂದ.

"ಸುಡುಗಾಡು ಸೆಂಟು. ಆದ್ರೂ ಜನ ಒಳ್ಳೇರು ಬಿಡು" ಎಂದು ಅವ್ವ ಎರಡೂ ಕೇಕು ತಿಂದಳು. ಹೊರಗೆ ಬೋಳು ಗುಡ್ಡಗಳು, ನಡುನಡುವೆ ಬೂದುಹಸಿರಿನ ಆಲಿವ್ ತೋಟಗಳು ಓಡುತ್ತಿದ್ದವು.

ಆ ತೋಟಗಳ ಆಲಿವ್ ಹಣ್ಣು, ಉಪ್ಪಿನಲ್ಲಿ ನೆನೆಸಿದ್ದು, ಮರುದಿನ ಬೆಳಗಿನ ತಿಂಡಿಗೆ ತಟ್ಟೆ ತುಂಬ ಬಂತು. ಕಪ್ಪಗೆ ಮಿಂಚುತ್ತಿತ್ತು. ನೇರಳೆ ಹಣ್ಣೆಂದು ಅವ್ವ ನಾಲ್ಕನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. ಅವಳ ಮುಖ ಏನಾಯಿತೆಂದು ನಾನು ವರ್ಣಿಸುವುದಿಲ್ಲ, ಹೆತ್ತವಳು.

ತಲೆಯಾಡಿಸಿದ ತಪ್ಪಿಗೆ

ಯೂಸುಫ್ ಅವರ ಮನೆ ಬೆಟ್ಟದ ಇಳಿಜಾರಿನಲ್ಲಿದೆ. ಮೇಲೆ ಮನೆ, ಕೆಳಗೆ ಕಾರ್ಖಾನೆ. ಎಲ್ಲರೂ ಅವರನ್ನು ಉಸ್ತಾ ಎನ್ನುತ್ತಾರೆ. ನಮ್ಮ ಕಡೆ ಗ್ಯಾರೇಜಿನಿಂದ ಹಿಡಿದು ಕುಸ್ತಿ ಅಖಾಡದವರೆಗೆ ಉಸ್ತಾದ್ ಎನ್ನುತ್ತೇವಲ್ಲ, ಅದೇ. ಎಪ್ಪತ್ತು ದಾಟಿದ ಸಣಕಲು ಆಳು. ಮಾತು ಕಡಿಮೆ, ಚಹಾ ಜಾಸ್ತಿ. ಪುಟ್ಟ ಗಾಜಿನ ಲೋಟ ಖಾಲಿಯಾದ ಕ್ಷಣವೇ ತುಂಬುತ್ತಾರೆ. ಬಿಟ್ಟರೆ ಮರ್ಯಾದೆಯಲ್ಲ ಎಂದು ನಾವು ಕುಡಿಯುವುದು, ಖಾಲಿಯಾಯಿತೆಂದು ಅವರು ತುಂಬುವುದು. ಮೊದಲ ಸಂಜೆ ನಾನು ಹನ್ನೊಂದು ಲೋಟ, ಅವ್ವ ಒಂಬತ್ತು. ಸಾಕಾದರೆ ಚಮಚವನ್ನು ಲೋಟದ ಬಾಯಿಯ ಮೇಲೆ ಅಡ್ಡ ಇಡಬೇಕು ಎಂದು ಜೈನೆಪ್ ಹೇಳುವ ಹೊತ್ತಿಗೆ ನಮಗೆ ಉಸಿರಾಡಲೂ ಜಾಗವಿರಲಿಲ್ಲ.

ಪಾಠ ಶುರುವಾಯಿತು. ನಾನು ಕಲಿತದ್ದು ಮೂರು ಬೆರಳಿನಿಂದ ಹೆದೆ ಎಳೆಯುವ ಪದ್ಧತಿ. ಅಲ್ಲಿ ಹೆಬ್ಬೆರಳಿಗೆ ಕೊಂಬಿನ ಉಂಗುರ ತೊಟ್ಟು, ಹೆಬ್ಬೆರಳನ್ನು ಹೆದೆಗೆ ಕೊಕ್ಕೆಯಂತೆ ಹಾಕಿ, ತೋರುಬೆರಳಿನಿಂದ ಅದನ್ನು ಒತ್ತಿ ಹಿಡಿದು ಎಳೆಯುತ್ತಾರೆ. ಮೊದಲು ಬಾಣವೇ ಇಲ್ಲ. ಮೆತ್ತನೆಯ ಒಂದು ಬಿಲ್ಲನ್ನು ಎಳೆಯುವುದು, ಮೆಲ್ಲಗೆ ವಾಪಸು ತರುವುದು. ಐವತ್ತು ಸಲ. ಆಮೇಲೆ ಉಸ್ತಾ ಕೇಳುತ್ತಾರೆ: "ಅರ್ಥವಾಯಿತೇ?" ನಾನು ನಮ್ಮೂರಿನ ಧಾಟಿಯಲ್ಲಿ ತಲೆಯನ್ನು ಆ ಕಡೆ ಈ ಕಡೆ ಆಡಿಸಿ ನಗುತ್ತೇನೆ. ಉಸ್ತಾ ನಿಟ್ಟುಸಿರು ಬಿಟ್ಟು ಮತ್ತೆ ಮೊದಲಿನಿಂದ ತೋರಿಸುತ್ತಾರೆ. ಮತ್ತೆ ಐವತ್ತು.

ಮೂರು ದಿನ ಹೀಗೇ ಆಯಿತು. ಇದೇ ಇಲ್ಲಿಯ ಶಿಸ್ತು ಎಂದು ನಾನು ಶ್ರದ್ಧೆಯಿಂದ ಎಳೆದೆ. ಮೂರನೆಯ ಸಂಜೆ ಜೈನೆಪ್ ಶಾಲೆಯಿಂದ ಬಂದವಳು ಸಂಕೋಚದಿಂದ ಕೇಳಿದಳು: "ಅಪ್ಪ ಬೇಜಾರಾಗಿದ್ದಾರೆ. ಇಷ್ಟು ವರ್ಷ ಕಲಿಸಿದ ಟೀಚರಿಗೆ ಮೊದಲ ಪಾಠವೇ ಅರ್ಥವಾಗುತ್ತಿಲ್ಲವಂತೆ. ದಿನವೂ ತಿಳಿಯಲಿಲ್ಲ, ತಿಳಿಯಲಿಲ್ಲ ಅನ್ನುತ್ತಿದ್ದಾರಂತೆ." ಟರ್ಕಿಯಲ್ಲಿ ಹಾಗೆ ತಲೆಯಾಡಿಸಿದರೆ ತಿಳಿಯಲಿಲ್ಲ ಎಂದರ್ಥ. ನಾನು ಮೂರು ದಿನ ಹೂಂ ಹೂಂ ಎಂದುಕೊಂಡು ತಿಳಿಯಲಿಲ್ಲ ತಿಳಿಯಲಿಲ್ಲ ಎನ್ನುತ್ತಿದ್ದೆ. ವಿಷಯ ಗೊತ್ತಾಗಿ ಉಸ್ತಾ ನೆಲದ ಮೇಲೆ ಕೂತು ನಕ್ಕರು. ಕಣ್ಣೊರೆಸಿಕೊಂಡು, "ಇರಲಿ. ಒಬ್ಬ ಒಳ್ಳೆಯ ಶಿಷ್ಯನಿಗೆ ಮೂರು ತಿಂಗಳು ಬೇಕಾಗುತ್ತದೆ. ನೀನು ಮೂರು ದಿನದಲ್ಲಿ ಬಚಾವಾದೆ" ಎಂದರು.

ಅಂದೇ ಅವರು ನನ್ನನ್ನು ಮೂಲೆಯಲ್ಲಿ ತೂಗುಹಾಕಿದ್ದ ಒಂದು ಗೋಣಿಚೀಲದ ಮುಂದೆ ನಿಲ್ಲಿಸಿದರು. ಐದು ಹೆಜ್ಜೆ ದೂರ. ಚೀಲದ ಮೇಲೆ ಬೊಟ್ಟಿಲ್ಲ, ಗೆರೆಯಿಲ್ಲ, ಬಣ್ಣವಿಲ್ಲ. ಕಣ್ಣು ಮುಚ್ಚಿ ಎಳೆ ಎಂದರು. ಬಾಣ ದೊಪ್ಪನೆ ಚೀಲದೊಳಗೆ ಹೋಯಿತು. ಇನ್ನೊಂದು. ಮತ್ತೊಂದು. ಆರು ವರ್ಷಗಳಲ್ಲಿ ಮೊದಲ ಸಲ ನನ್ನ ಕೈ ಓಡಿಹೋಗಲಿಲ್ಲ. ಚೀಲದ ಹೊಲಿಗೆ ಬಿಟ್ಟ ಕಡೆಯಿಂದ ನಾಲ್ಕು ಕಾಳು ಉದುರಿದವು. ಅವ್ವ ಎತ್ತಿ ನೋಡಿ ಉರಿದುಬಿದ್ದಳು.

"ಲೇ ಪರ್ವೀನಾ, ಇದು ಹತ್ತಿಕಾಳು ಕಣೇ! ಎಮ್ಮಿ ತಿಂದ್ರೆ ಬೆಣ್ಣಿ ಕೊಡ್ತೈತೆ. ಇವ್ರು ಬಾಣಕ್ಕೆ ತಿನ್ನಿಸ್ತಾರಲ್ಲ!"

ನನಗೂ ನಗು ಬಂತು. ದಾವಣಗೆರೆಯ ಬೆಣ್ಣೆದೋಸೆಗೆ ಬೇಕಾದ ಹತ್ತಿಕಾಳು ಇಲ್ಲಿ ಗೋಣಿಯಲ್ಲಿ ಕೂತು ಬಾಣದ ಏಟು ತಿನ್ನುತ್ತಿದೆ. ಸಾಂದ್ರವೂ ಅಲ್ಲ, ಸಡಿಲವೂ ಅಲ್ಲ, ಬಾಣದ ಮೊನೆ ಮುರಿಯದಂತೆ ಹಿಡಿಯುತ್ತದೆ ಎಂದು ಉಸ್ತಾ ವಿವರಿಸಿದರು. ಅವ್ವ ಒಪ್ಪಲಿಲ್ಲ.

ನಾಲ್ಕನೆಯ ದಿನದ ಬಯಲು

ವಾಸಿಯಾಯಿತೆಂದು ನಾನು ಊರಿಗೆ ಫೋನು ಕೂಡ ಮಾಡಿದೆ. ಹೊಸ ಬೆರಳು, ಹೊಸ ಕೈ, ಹಳೆಯ ಭಯಕ್ಕೆ ಇಲ್ಲಿಯ ವಿಳಾಸವೇ ಗೊತ್ತಿಲ್ಲ ಎಂದು ಜಂಬ ಕೊಚ್ಚಿದೆ.

ಮರುದಿನ ಬೆಟ್ಟದ ಮೇಲಿನ ಹುಲ್ಲುಬಯಲಿಗೆ ಹೋದೆವು. ಉಸ್ತಾ ಒಂದು ಮರದ ಹಲಗೆ ನೆಟ್ಟು, ಅದರ ನಡುವೆ ಕೆಂಪು ಬಟ್ಟೆಯ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದರು. ನಾನು ನಿಂತೆ, ಎಳೆದೆ. ಕಣ್ಣಿಗೆ ಕೆಂಪು ಬಿತ್ತು. ಹೆಬ್ಬೆರಳು ಪಟ್ಟನೆ ಬಿಚ್ಚಿಕೊಂಡಿತು. ಬಾಣ ಹತ್ತು ಮಾರು ಆಚೆಯ ಹುಲ್ಲಿಗೆ ಹೋಗಿ ಬಿತ್ತು. ಮತ್ತೆ ಎಳೆದೆ. ಮತ್ತೆ ಅದೇ. ಎಂಟು ಬಾಣದಲ್ಲಿ ಎಂಟೂ. ಎರಡು ವಿಮಾನ ಹತ್ತಿ, ಸಮುದ್ರ ದಾಟಿ, ಬೆರಳನ್ನೇ ಬದಲಿಸಿದರೂ ಅದು ನನ್ನ ಜೊತೆಯಲ್ಲೇ ಬಂದು ಕೂತಿತ್ತು. ಬಾಣ ಹುಡುಕುವ ನೆಪದಲ್ಲಿ ಹುಲ್ಲಿನಲ್ಲಿ ಕೂತು ಅತ್ತೆ. ಶಿವಯೋಗಪ್ಪನವರ ಜೇಬಿನ ಪತ್ರ ನೆನಪಾಯಿತು. ಆ ಪತ್ರವನ್ನು ನಾನೇ ಓದಿ ಹೇಳಬೇಕಾಗುತ್ತದೆ ಅನ್ನಿಸಿತು.

ಉಸ್ತಾ ಪಕ್ಕದಲ್ಲಿ ಬಂದು ಕೂತರು. ಜೈನೆಪ್ ಅವರ ಮಾತನ್ನು ತಿಳಿಸಿದಳು: "ನಿನ್ನ ಬೆರಳಿಗೆ ಏನೂ ಆಗಿಲ್ಲ. ಚೀಲದ ಮುಂದೆ ನೀನು ಎಳೆಯುತ್ತಿದ್ದೆ. ಇಲ್ಲಿ ಬಿಡಲು ಕಾಯುತ್ತಿದ್ದೀಯ."

"ಬಿಡದಿದ್ದರೆ ಬಾಣ ಹೋಗುವುದು ಹೇಗೆ?" ಎಂದೆ. ನನ್ನ ದನಿ ಒರಟಾಗಿಯೇ ಇತ್ತು.

ಉಸ್ತಾ ಗಲ್ಲ ಮೇಲೆತ್ತಿ ನಾಲಿಗೆಯಲ್ಲಿ 'ಚ್ಚ್' ಎಂದರು. ಇಲ್ಲ ಎಂಬುದಕ್ಕೆ ಅವರಲ್ಲಿ ಅದು. ಅದೊಂದು ಮಾತ್ರ ನಮ್ಮಂತೆಯೇ. "ಇದನ್ನು ನಾನು ಹೇಳಿ ಅರ್ಥಮಾಡಿಸಲಾರೆ. ನಾಳೆ ರಜೆ. ಪೇಟೆ ನೋಡಿಕೊಂಡು ಬನ್ನಿ" ಎಂದು ಎದ್ದರು.

ರಜಾಯಿ ಅಂಗಡಿ

ಬುರ್ಸಾ ರೇಷ್ಮೆಯ ಊರು. ಹಳೆಯ ಪೇಟೆಯ ನಡುವೆ ಒಂದು ಅಂಗಳ, ಸುತ್ತ ಎರಡು ಅಂತಸ್ತಿನ ರೇಷ್ಮೆ ಅಂಗಡಿಗಳು. ಅವ್ವನಿಗೆ ರೇಷ್ಮೆ ಬೇಕಿರಲಿಲ್ಲ. ನನ್ನ, ಜೈನೆಪಳ ಜೊತೆ ಓಣಿಗಳಲ್ಲಿ ಸುತ್ತಿ ಸುತ್ತಿ ಒಂದು ಕಡೆ ಗಕ್ಕನೆ ನಿಂತಳು. ನಾನು ಮುಂದೆ ಹೋಗಿ, ಹಿಂದೆ ಇಲ್ಲವೆಂದು ಗಾಬರಿಯಾಗಿ ವಾಪಸು ಬಂದೆ.

ಅದೊಂದು ರಜಾಯಿ ಹೊಲಿಯುವ ಅಂಗಡಿ. ಒಳಗೆ ಯಂತ್ರವಿತ್ತು. ಅದರ ಮೇಲೆ, ಗೋಡೆಯಲ್ಲಿ, ಆಳೆತ್ತರದ ಒಂದು ಬಿಲ್ಲು ತೂಗುತ್ತಿತ್ತು. ಪಕ್ಕದಲ್ಲಿ ಎರಡೂ ತುದಿ ಗುಂಡಗಿರುವ ಮರದ ಬಡಿ.

"ಇದು ನಮ್ದು ಕಣೇ," ಎಂದಳು ಅವ್ವ. ಅವಳ ದನಿ ಸಣ್ಣದಾಗಿತ್ತು. "ಇಲ್ಲೀಗೆ ಹೆಂಗೆ ಬಂತು?"

ಅದು ಎಲ್ಲಿಂದಲೂ ಬಂದದ್ದಲ್ಲ. ಅವರ ದೇಶದಲ್ಲೂ ಹೀಗೆಯೇ ಹಿಂಜುತ್ತಿದ್ದರು. ಅಂಗಡಿಯ ಮುದುಕನ ಅಪ್ಪನದು ಆ ಬಿಲ್ಲು. ಮುದುಕ ಅವ್ವನ ಮುಖ ನೋಡಿದ, ಅವ್ವ ತನ್ನ ಬಲಗೈಯಿಂದ ಗಾಳಿಯಲ್ಲಿ ಮಿಡಿದು ತೋರಿಸಿದಳು. ಅವನಿಗೆ ಜೈನೆಪ್ ಬೇಕಾಗಲಿಲ್ಲ. ಏಣಿ ಹಾಕಿ ಬಿಲ್ಲು ಇಳಿಸಿದ, ಧೂಳು ಒರೆಸಿದ, ಒಂದು ಹಿಡಿ ಉಣ್ಣೆ ತಂದು ಚಾಪೆಯ ಮೇಲೆ ಹರಡಿದ. ಇಲ್ಲೂ ಬೇಕೇ ಇದು, ಎದ್ದು ಹೋಗೋಣವೆಂದು ಅವ್ವನ ಸೆರಗು ಹಿಡಿದು ಎಳೆದೆ.

ಯಾಕೆಂದು ಹೇಳಿಬಿಡುತ್ತೇನೆ. ನಾನು ಶಾಲೆಗೆ ಹೋಗುತ್ತಿದ್ದಾಗ ಅವ್ವ ಹೆಗಲ ಮೇಲೆ ಬಿಲ್ಲು ಹೊತ್ತು, ಗಿರಾಕಿಗಳಿಗೆ ಗೊತ್ತಾಗಲೆಂದು ತಂತಿ ಮಿಡಿಯುತ್ತ ಓಣಿ ಓಣಿ ತಿರುಗುತ್ತಿದ್ದಳು. ಆ ಸದ್ದು ನಮ್ಮ ತರಗತಿಯ ಕಿಟಕಿಯವರೆಗೆ ಬರುತ್ತಿತ್ತು. ಹುಡುಗಿಯರು ನನ್ನತ್ತ ತಿರುಗಿ 'ಟೊಂಯ್ ಟೊಂಯ್' ಎನ್ನುತ್ತಿದ್ದರು. ನನಗೆ ಕೆಲಸ ಸಿಕ್ಕ ವಾರ, ಅವ್ವ ಮದುವೆಗೆಂದು ಹರಪನಹಳ್ಳಿಗೆ ಹೋಗಿದ್ದಾಗ, ಆ ಬಿಲ್ಲನ್ನು ಕೊಡಲಿಯಿಂದ ಮೂರು ತುಂಡು ಮಾಡಿ ನೀರೊಲೆಗೆ ಹಾಕಿದೆ. ಅವ್ವ ಬಂದು ಖಾಲಿ ಸೂರು ನೋಡಿದಳು. ಏನೂ ಕೇಳಲಿಲ್ಲ. ಸ್ನಾನ ಮಾಡಿ ಅಡುಗೆಗೆ ಕೂತಳು. ಇಪ್ಪತ್ತು ವರ್ಷವಾಯಿತು, ಈಗಲೂ ಕೇಳಿಲ್ಲ.

ಅವ್ವ ನನ್ನ ಕೈ ಬಿಡಿಸಿಕೊಂಡು ಬಡಿ ಎತ್ತಿಕೊಂಡಳು. ಮೊದಲನೆಯ ಏಟು ತಪ್ಪಿತು. ಎರಡನೆಯದು ಕೂಡಿತು. ಟೊಂಯ್. ಉಣ್ಣೆಯ ಒಂದು ಎಳೆ ಮೇಲೆದ್ದಿತು. ಆಮೇಲೆ ಅವಳು ನಿಲ್ಲಲೇ ಇಲ್ಲ. ಬಡಿಯ ಗುಂಡುತಲೆ ತಂತಿಗೆ ಸಿಕ್ಕಿಕೊಳ್ಳುವುದು, ಮೈ ಹಿಂದಕ್ಕೆ ಹೋಗುವುದು, ತಂತಿ ತಾನೇ ಜಾರುವುದು. ನಾನು ಅವಳ ಕೈಯನ್ನು ನೋಡಿದೆ. ಚಿಕ್ಕಂದಿನಲ್ಲಿ ಸಾವಿರ ಸಲ ಎದುರಿಗಿತ್ತು ಆ ಕೈ, ನೋಡಿರಲಿಲ್ಲ. ಅದು ಎಂದೂ ತಂತಿಯನ್ನು ಬಿಡುತ್ತಿರಲಿಲ್ಲ. ಬರೀ ಎಳೆಯುತ್ತಿತ್ತು.

ಓಣಿಯ ಜನ ಬಾಗಿಲಲ್ಲಿ ಗುಂಪುಗೂಡಿದರು. ಉಣ್ಣೆ ಮುಗಿದಾಗ ಅಂಗಡಿಯ ಮುದುಕ 'ಮಾಷಾಅಲ್ಲಾ' ಎಂದು ಎದೆಯ ಮೇಲೆ ಕೈಯಿಟ್ಟ. ಅವ್ವ ಬೆವರು ಒರೆಸಿಕೊಂಡಳು.

"ಅವ್ವ," ಎಂದೆ, "ಯಾವಾಗ ಬಿಡ್ಬೇಕು ಅಂತ ಹೆಂಗೆ ಗೊತ್ತಾಗ್ತೈತೆ ನಿಂಗೆ?"

"ಬಿಡೋದಾ? ಯಾರು ಬಿಡ್ತಾರೆ? ಎಳ್ಕೋತಾ ಹೋಗೋದು. ಅದಕ್ಕೆ ಸಾಕಾದ್ರೆ ಅದ ಹೋಗ್ತೈತೆ. ನಾವು ಬಿಟ್ರೆ ತಂತಿ ಕೆನ್ನಿಗೆ ಹೊಡೀತೈತೆ."

"ಕಣ್ಣು ಎಲ್ಲಿರ್ತಿತ್ತು? ತಂತಿ ಮ್ಯಾಲೋ, ಹತ್ತಿ ಮ್ಯಾಲೋ?"

ಅವ್ವ ಯೋಚನೆ ಮಾಡಿದಳು. ಇಂಥ ಪ್ರಶ್ನೆ ಅವಳನ್ನು ಯಾರೂ ಕೇಳಿರಲಿಲ್ಲ. "ಒಂದ ಕಡೆ ನೋಡಿದ್ರೆ ಹೆಂಗೆ? ಹತ್ತಿನೂ ಕಾಣ್ತಿತ್ತು, ಒಲಿ ಮ್ಯಾಲಿನ ಹಾಲೂ ಕಾಣ್ತಿತ್ತು, ತೊಟ್ಲಾಗೆ ನೀನೂ ಕಾಣ್ತಿದ್ದಿ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನಂತೂ ಹಿತ್ತಲ ಗಿಡವನ್ನು ಕಡಿದು ಒಲೆಗೇ ಹಾಕಿದವಳು. ಅಂಗಡಿಯಲ್ಲಿ ಆ ಮಾತು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಮುದುಕ ಚಹಾ ತರಿಸಿದ. ಮೂರು ಲೋಟವಾದ ಮೇಲೆ ಅವ್ವ ಚಮಚವನ್ನು ಅಡ್ಡ ಇಟ್ಟಳು, ಹುಟ್ಟಿದಾಗಿನಿಂದ ಗೊತ್ತಿದ್ದವಳಂತೆ. ಮಾತು ಹಾಗೇ ಉಳಿಯಿತು.

ಮತ್ತೆ ಬಯಲು

ಕೊನೆಯ ದಿನ ಅದೇ ಹಲಗೆ, ಅದೇ ಕೆಂಪು ಬಟ್ಟೆ. ಅವ್ವ ಹುಲ್ಲಿನ ಮೇಲೆ ಕೂತು ಮಂಡಕ್ಕಿಗೆ ಚಟ್ನಿಪುಡಿ ಕಲಸುತ್ತಿದ್ದಳು. ನಾನು ಎಳೆದೆ. ಕೆಂಪು ಕಂಡಿತು. ಅದರ ಜೊತೆಗೆ ಹಲಗೆಯೂ, ಹಿಂದಿನ ಮರವೂ, ಮರದ ಮೇಲಿನ ಕಾಗೆಯೂ, ಓರೆಯಲ್ಲಿ ಅವ್ವನ ಸೆರಗೂ ಕಾಣಲಿ ಎಂದು ಕಣ್ಣನ್ನು ಸಡಿಲಬಿಟ್ಟೆ. ಬಿಡುವ ಕೆಲಸ ನನ್ನದಲ್ಲ ಎಂದುಕೊಂಡೆ. ಬೆನ್ನು ಎಳೆಯುತ್ತಾ ಹೋಯಿತು. ಹೆಬ್ಬೆರಳು ಬಿಚ್ಚಿಕೊಳ್ಳಲು ಹವಣಿಸಿತು, ನಾನು ಎಳೆಯುತ್ತಲೇ ಇದ್ದೆ. ಆಮೇಲೆ ಏನೋ ಸದ್ದಾಯಿತು. ನಾನು ಬೆಚ್ಚಿಬಿದ್ದೆ. ಬಿಲ್ಲು ಖಾಲಿಯಾಗಿತ್ತು.

ಬಾಣ ಹಲಗೆಯ ಮೇಲೆ ಹಾದುಹೋಗಿ ಎಲ್ಲೋ ಮುಳ್ಳುಪೊದೆಗೆ ಬಿದ್ದಿತು. ಒಂದು ಮಾರು ಗುರಿತಪ್ಪಿತ್ತು. ಉಸ್ತಾ ಟೋಪಿ ತೆಗೆದು ಗಾಳಿಗೆ ಎಸೆದು, ಬಂದು ಅವ್ವನ ಮುಂದೆ ನಿಂತು ಏನೋ ಹೇಳಿದರು.

"ಏನಂತೆ?" ಎಂದಳು ಅವ್ವ.

"ಅಪ್ಪ ನಿಮಗೆ ಅಭಿನಂದನೆ ಹೇಳುತ್ತಿದ್ದಾರೆ" ಎಂದಳು ಜೈನೆಪ್. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಬಾಣ ಬಡೀಲೇ ಇಲ್ಲಲ್ಲೇ. ಯಾತಕ್ಕ ಕುಣೀತಾರೆ ಇವ್ರು?" ಎಂದು ಅವ್ವ ಉಸ್ತಾರ ಕೈಗೆ ಒಂದು ಹಿಡಿ ಮಂಡಕ್ಕಿ ಹಾಕಿದಳು. ಆ ದಿನ ಇಪ್ಪತ್ತು ಬಾಣ ಬಿಟ್ಟೆ. ಹದಿಮೂರು ತಾವಾಗಿ ಹೋದವು, ಏಳನ್ನು ನನ್ನ ಭಯ ಕಿತ್ತುಕೊಂಡಿತು. ಪೂರ್ತಿ ವಾಸಿಯಾಯಿತೆಂದು ನಾನೀಗ ಯಾರಿಗೂ ಫೋನು ಮಾಡುವುದಿಲ್ಲ.

ಕೊಂಡಜ್ಜಿ, ಬಂದ ಮೇಲೆ

ಜೂನಿನ ಮೊದಲ ಭಾನುವಾರ ಗುರಿಯ ಹಲಗೆಗಳನ್ನೆಲ್ಲ ಶಿವಯೋಗಪ್ಪನವರ ಪಂಪ್‌ಹೌಸಿಗೆ ಹಾಕಿ ಬೀಗ ಜಡಿದೆ. ಬೇವಿನ ಮರಕ್ಕೆ ಎರಡು ಗೋಣಿಚೀಲ ಕಟ್ಟಿದೆ. ಒಬ್ಬ ಹುಡುಗ ಚೀಲ ಮೂಸಿ, "ಮಿಸ್, ಎಮ್ಮಿ ಮೇವಿಗೆ ಹೊಡೀಬೇಕೇನ್ರಿ?" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾವ್ಯ ಬಂದಿದ್ದಳು, ಅವಳ ಮನೆಗೆ ನಾನೇ ಹೋಗಿ, ಒಂದು ದಿನ ಸುಮ್ಮನೆ ನೋಡಲು ಬಾ ಎಂದಿದ್ದೆ. ದೂರದಲ್ಲಿ ಚಪ್ಪಲಿ ಬಿಚ್ಚದೆ ನಿಂತಿದ್ದಳು.

ಮಕ್ಕಳಿಗೆ ಮೊದಲು ನಿಜ ಹೇಳಿದೆ: ನನ್ನ ಕೈಗೆ ಭಯವಿದೆ, ಆರು ವರ್ಷದಿಂದ ಮುಚ್ಚಿಟ್ಟಿದ್ದೆ, ನಿಮಗೂ ಅಂಟಿಸಿದೆ. ಯಾರೂ ನಗಲಿಲ್ಲ. ಆಮೇಲೆ ಅವ್ವ ತನ್ನ ಸಾಮಾನು ಬಿಚ್ಚಿದಳು. ಹರಿಹರದ ಬಡಗಿಯೊಬ್ಬನ ತಲೆ ತಿಂದು ವಾರದೊಳಗೆ ಮಾಡಿಸಿಕೊಂಡಿದ್ದ ಹೊಸ ಬಿಲ್ಲು ಅದು. ಕೊಂಬೆಗೆ ತೂಗುಹಾಕಿ, ಕೆಳಗೆ ಹತ್ತಿ ಹರಡಿ, ಒಬ್ಬೊಬ್ಬರನ್ನೇ ಕರೆದಳು. "ಬರ್ರಿ, ಬರ್ರಿ. ಬಿಡಬ್ಯಾಡ್ರಿ. ಎಳೀತಾ ಹೋಗ್ರಿ, ಅದ ಹೋಗ್ತೈತೆ." ಟೊಂಯ್ ಟೊಂಯ್ ಸದ್ದು ಕೆರೆಯ ನೀರಿನ ಮೇಲೆ ಹೋಯಿತು, ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವರು ತಲೆಯೆತ್ತಿದರು. ಮಕ್ಕಳ ಮೈಮೇಲೆಲ್ಲ ಹತ್ತಿ.

ಕಾವ್ಯ ಎಲ್ಲರಿಗಿಂತ ಕೊನೆಯಲ್ಲಿ ಬಂದಳು. ಹತ್ತು ಸಲ ಮಿಡಿದಳು. ಆಮೇಲೆ ತಾನೇ ಹೋಗಿ ಬಾಣದ ಬಿಲ್ಲು ತೆಗೆದುಕೊಂಡು ಚೀಲದ ಮುಂದೆ ಕಣ್ಣು ಮುಚ್ಚಿ ನಿಂತಳು. ಎಳೆದಳು. ಎಳೆಯುತ್ತಲೇ ಇದ್ದಳು. ದೊಪ್. ಹುಡುಗಿ ಒಂದು ಹೆಜ್ಜೆ ಹಿಂದಕ್ಕೆ ಹಾರಿ ಕಣ್ಣು ಬಿಟ್ಟಳು.

"ಮಿಸ್, ಯಾರು ಬಿಟ್ರು?" ಎಂದಳು.

ಶಿವಯೋಗಪ್ಪನವರು 'ಭಲೇ' ಎಂದು ಜೇಬಿಗೆ ಕೈಹಾಕಿದರು. ಬೆವರಿಗೆ ಮೆತ್ತಗಾಗಿದ್ದ ಪತ್ರ ಹೊರಬಂತು. "ಇದನ್ನೇನು ಮಾಡ್ಲಿ ಮೇಡಂ? ಓದ್ತೀರೋ?" ಅದನ್ನು ಇಸಕೊಂಡು ನಾಲ್ಕು ಮಡಿಕೆ ಮಾಡಿ ನನ್ನ ಚೀಲಕ್ಕೆ ಹಾಕಿಕೊಂಡೆ.

ಅಷ್ಟರಲ್ಲಿ ಕಾವ್ಯ ಅವ್ವನ ಪಕ್ಕ ಹೋಗಿ ಕೂತಿದ್ದಳು. ಹೊಸ ಬಿಲ್ಲಿನ ಹಸಿ ಮರವನ್ನು ಸವರುತ್ತ, "ಅಜ್ಜಿ, ಇದು ಹೊಸದಲ್ವೇನ್ರಿ? ನೀವು ಮೊದ್ಲು ಹಿಡೀತಿದ್ದ ಬಿಲ್ಲು ಎಲ್ಲೈತ್ರಿ?" ಎಂದು ಕೇಳಿದಳು.

ಅವ್ವ ನನ್ನ ಕಡೆ ನೋಡಲಿಲ್ಲ. ಹತ್ತಿ ಕೂಡಿಸುತ್ತ ಹೇಳಿದಳು: "ಹಳೇದಾಗಿತ್ತವ್ವ. ಹುಳ ಹಿಡಿದಿತ್ತು. ನಾನೇ ನೀರೊಲಿಗೆ ಹಾಕ್ದೆ."

ಇಪ್ಪತ್ತು ವರ್ಷ ಅವಳು ಆ ಉತ್ತರವನ್ನು ನನಗಾಗಿ ಸಿದ್ಧವಾಗಿ ಇಟ್ಟುಕೊಂಡಿದ್ದಳು. ಹೇಳಬೇಕೆಂದು ನಾನು ತೀರ್ಮಾನ ಮಾಡಿದ್ದು ಯಾವಾಗ ಎಂದು ಗೊತ್ತಿಲ್ಲ.

"ಅವ್ವ ಅಲ್ಲ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಹುಳ ಹಿಡಿದಿರ್ಲಿಲ್ಲ. ನಾನು ಹಾಕ್ದೆ. ನಾಚ್ಕಿಯಾಗಿ ಕಡಿದು ಹಾಕ್ದೆ."

ಅವ್ವನ ಕೈ ಹತ್ತಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬಡಿ ಎತ್ತಿ, ಕಣ್ಣು ಒರೆಸಿಕೊಳ್ಳದೆ, ನನ್ನತ್ತ ಚಾಚಿದಳು.

"ಎಲ್ಲಾರೂ ಹೊಡೆದ್ರು. ನೀನೊಬ್ಬಾಕಿ ಉಳ್ದಿ. ಬಾ" ಎಂದಳು.